ಆಗಬಹುದು ವಕೀಲರ ಸಹಿ

ಆ ಸರ್ಕಾರಿ ವಕೀಲರ ನಿಜವಾದ ಹೆಸರು ಕಚೇರಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಅವರು ‘ಆಗಬಹುದು ವಕೀಲರು’. ಸರ್ಕಾರ ಏನೇ ಮಾಡಹೊರಟರೂ ಕಾನೂನು ಒಪ್ಪುತ್ತದೆಯೇ ಎಂದು ಕೇಳಿ ಅವರಿಗೆ ಕಡತ ಬರುತ್ತಿತ್ತು. ಮೇಲಿನವರಿಗೆ ‘ಆಗಬಹುದು’ ಬೇಕಿದ್ದರೆ ಬಿಳಿ ಚೀಟಿ, ‘ಆಗದು’ ಬೇಕಿದ್ದರೆ ಹಳದಿ ಚೀಟಿ. ಗುಮಾಸ್ತರು ಚೀಟಿ ನೋಡಿ ಟೈಪು ಮಾಡಿಸುತ್ತಿದ್ದರು, ವಕೀಲರು ಸಹಿ ಜಡಿಯುತ್ತಿದ್ದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಎಲ್ಲೆಡೆ ಇರುತ್ತಾರೆ. ಇವರು ಕರುವಿಗೆ ಹುಲ್ಲನ್ನೂ ತಂದಿಡುವವರು.

ಮೊದಲಿನಿಂದ ಹೀಗಿದ್ದವರಲ್ಲ. ನೌಕರಿಗೆ ಸೇರಿದ ಹೊಸತರಲ್ಲಿ ಒಂದು ಕಡತವನ್ನು ಮೂರು ದಿನ ಕೂತು ಓದಿ ‘ಆಗದು’ ಎಂದು ಬರೆದಿದ್ದರು. ಅದಕ್ಕೆ ಬಿಳಿ ಚೀಟಿ ಇತ್ತು. ಹಳೆ ದಾಖಲೆಗಳ ಕೋಣೆಯಲ್ಲಿ ಎರಡು ವರ್ಷ ಇಲಿಗಳ ಜೊತೆ ಕೊಳೆತು ಹೊರಬಂದ ಮೇಲೆ ಓದುವ ಚಟ ಬಿಟ್ಟರು. ಒಂದು ಸಲ ಕಣ್ಣಾಡಿಸಿ ಸಹಿ ಹಾಕಬಾರದೇ ಎಂದು ಶಾಲೆಯ ಟೀಚರಾಗಿದ್ದ ಹೆಂಡತಿ ಕೇಳಿದರೆ, ಓದಿದರೆ ಸಂಶಯ ಬರುತ್ತದೆ, ಸಂಶಯ ಬಂದರೆ ವರ್ಗ ಬರುತ್ತದೆ ಎನ್ನುತ್ತಿದ್ದರು. ಮನೆಯಲ್ಲಿ ಪತ್ರಿಕೆಯನ್ನೂ ಆಕೆಯೇ ಓದಿ ಹೇಳಬೇಕಿತ್ತು.

ಹತ್ತೊಂಬತ್ತು ವರ್ಷ ಹೀಗೆ ಸಾಗಿ, ಅವರು ನ್ಯಾಯಾಧೀಶರಾಗುವ ಕಾಲ ಹತ್ತಿರ ಬಂತು. ಅಷ್ಟರಲ್ಲಿ ಮಂತ್ರಿಗಳ ಅಳಿಯ ಮಕ್ಕಳ ಪಾರ್ಕಿನಲ್ಲಿ ಮೂರಂತಸ್ತಿನ ಮನೆ ಕಟ್ಟಿದ್ದು ಪತ್ರಿಕೆಗಳ ಬಾಯಿಗೆ ಬಿತ್ತು. ಮಕ್ಕಳೇ ಕಾಣದ ಜಾಗವನ್ನು ಮಕ್ಕಳ ಪಾರ್ಕು ಎನ್ನಲಾಗದು, ಆದ್ದರಿಂದ ಕಟ್ಟಬಹುದು ಎಂಬ ಅಭಿಪ್ರಾಯದ ಕೆಳಗೆ ನಮ್ಮ ವಕೀಲರ ಸಹಿ ಇತ್ತು. ಮಕ್ಕಳು ಕಾಣದ್ದು ಅಳಿಯ ಗೇಟಿಗೆ ಬೀಗ ಜಡಿದಿದ್ದರಿಂದ. ಮಂತ್ರಿಗಳು ಫೋನು ಮಾಡಿ, ನೀವು ನಮ್ಮವರು, ಹೆದರಬೇಡಿ ಎಂದರು. ಮಂತ್ರಿ ಹೆದರಬೇಡಿ ಎಂದ ದಿನವೇ ಹೆದರಬೇಕು. ಅಷ್ಟು ಬುದ್ಧಿ ಇವರಿಗಿರಲಿಲ್ಲ.

ಮರುದಿನ ನ್ಯಾಯಾಧೀಶರ ಕರಿ ನಿಲುವಂಗಿಗೆ ಅಳತೆ ಕೊಡಲು ದರ್ಜಿಯನ್ನು ಕಚೇರಿಗೇ ಕರೆಸಿದ್ದರು. ಎಡಗೈಯನ್ನು ದರ್ಜಿಯ ಟೇಪಿಗೆ ಚಾಚಿ, ಬಲಗೈಯಲ್ಲಿ ನಲವತ್ತೊಂದು ಕಡತಗಳಿಗೆ ಸಹಿ ಮಾಡಿ ಮುಗಿಸಿದರು. ಅದರಲ್ಲೊಂದು, ಪಾರ್ಕಿನ ಅಭಿಪ್ರಾಯ ಕೊಟ್ಟ ವಕೀಲರ ಮೇಲೆ ಮೊಕದ್ದಮೆ ಹೂಡಬಹುದೇ ಎಂಬುದು. ಬಿಳಿ ಚೀಟಿ. ಆಗಬಹುದು.

ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡವರನ್ನು ಕೇಳಿದ್ದೇವೆ, ಇವರು ಗಂಟನ್ನೂ ತಾವೇ ಬಿಗಿದುಕೊಂಡರು. ನೋಟೀಸು ಕೈಗೆ ಬಂದ ಮೇಲೆ ಗುಮಾಸ್ತರನ್ನು ಗದರಿದರೆ ಅವರು ತಣ್ಣಗೆ, ‘ನೀವೇ ಓದಲ್ಲ ಸಾರ್, ನಾನ್ಯಾಕೆ ಓದ್ಲಿ?’ ಎಂದರು.

ವಿಚಾರಣೆಯ ಮುಂಚಿನ ದಿನ ಮಂತ್ರಿಗಳ ಕಡೆಯಿಂದ ಮಾತು ಬಂತು. ಪಾರ್ಕಿನ ಕಡತ ಓದಿ ಸ್ವಂತ ಬುದ್ಧಿಯಿಂದಲೇ ಬರೆದೆ ಎಂದುಬಿಟ್ಟರೆ ಮಂತ್ರಿಗಳ ಹೆಸರು ಹೊರಬರುವುದಿಲ್ಲ, ಮೊಕದ್ದಮೆಯೂ ತಣ್ಣಗಾಗುತ್ತದೆ, ನಿಲುವಂಗಿಯೂ ಸಿಗುತ್ತದೆ. ಓದಲಿಲ್ಲ ಎಂದರೆ ಇರುವ ನೌಕರಿಯೂ ಹೋಗುತ್ತದೆ. ಉತ್ತರ ಪತ್ರಿಕೆ ತಿದ್ದುತ್ತಿದ್ದ ಹೆಂಡತಿಗೆ ಇದನ್ನು ಹೇಳಿದರು. ಆಕೆ ತಲೆ ಎತ್ತಲಿಲ್ಲ.

‘ಓದ್ಕೊಂಡು ಬಂದಿದೀನಿ ಅಂತ ಸುಳ್ಳು ಹೇಳೋರನ್ನ ದಿನಾ ನೋಡ್ತೀನಿ ರೀ. ಎರಡನೇ ಪ್ರಶ್ನೆಗೇ ಸಿಕ್ಕಿಬೀಳ್ತಾರೆ.’

ವಿಚಾರಣೆಯಲ್ಲಿ ಅಧಿಕಾರಿ ಕೇಳಿದ ಮೊದಲ ಪ್ರಶ್ನೆ, ಓದಿದ್ದಿರಾ ಎಂಬುದು. ವಕೀಲರು ಹಿಂದಿನ ಬೆಂಚಿನಲ್ಲಿ ಕೂತ ಹೆಂಡತಿಯನ್ನು ನೋಡಿದರು.

‘ಇಲ್ಲ ಸಾರ್. ಪಾರ್ಕಿಂದೂ ಓದಿಲ್ಲ, ನನ್ನ ಮೇಲಿಂದೂ ಓದಿಲ್ಲ. ಮಂತ್ರಿಗಳ ಚೀಟಿ ನೋಡಿ ಸಹಿ ಹಾಕ್ದೆ.’

ಮಂತ್ರಿಗಳ ಕುರ್ಚಿ ಆ ವಾರ ಹೋಯಿತು. ವಕೀಲರದ್ದು ಅವತ್ತೇ ಹೋಯಿತು.

ಹೊರಡುವ ಮುನ್ನ ಹೇಳಿಕೆಗೆ ಸಹಿ ಬೇಕಿತ್ತು. ಕೊನೆಯ ಸಾಲು ಎಲ್ಲ ಕಡತಗಳಲ್ಲೂ ಇರುವಂಥದ್ದೇ: ಮೇಲಿನದನ್ನು ಪೂರ್ತಿ ಓದಿ ಸಹಿ ಮಾಡಿದ್ದೇನೆ. ಪೆನ್ನು ತೆಗೆದ ವಕೀಲರು ಅದನ್ನು ಮುಚ್ಚಿಟ್ಟು, ಹಾಳೆಯನ್ನು ಹತ್ತಿರ ಹಿಡಿದರು, ದೂರ ಹಿಡಿದರು. ಒಂದಕ್ಷರವೂ ಕಾಣಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಕಣ್ಣು ಯಾವಾಗ ಮಂಜಾಯಿತೋ ಅವರಿಗೇ ಗೊತ್ತಾಗಿರಲಿಲ್ಲ. ನಾಚಿಕೆಯಾಯಿತು.

ಹೆಂಡತಿ ಎದ್ದು ಬಂದು ತನ್ನ ಕನ್ನಡಕವನ್ನು ಅವರ ಮೂಗಿನ ಮೇಲಿಟ್ಟಳು. ಮೂರು ಪುಟ. ಅಲ್ಲಿದ್ದವರೆಲ್ಲ ಊಟ ಬಿಟ್ಟು ಕಾದರು. ಎರಡನೇ ಪುಟದಲ್ಲಿ ಒಂದು ತಪ್ಪು ಹುಡುಕಿ, ತಿದ್ದಿಸಿ, ಆಮೇಲೆ ಸಹಿ ಹಾಕಿದರು.

‘ಓದಿದೆ ಕಣೇ,’ ಎಂದು ಹೆಂಡತಿಗೆ ಕನ್ನಡಕ ವಾಪಸು ಕೊಟ್ಟರು.