ಪರದೆಯ ತಳದ ನಾಲ್ಕು ಚಿತ್ರಗಳು

ವಿಲೆ ಪಾರ್ಲೆಯ ನಮ್ಮ ಕಚೇರಿಗೆ ಕಂಪ್ಯೂಟರ್ ಬಂದಾಗ ಅದನ್ನಿಡಲು ಮೇಜಿರಲಿಲ್ಲ. ಇದ್ದ ಎರಡು ಟೈಪ್‌ರೈಟರ್‌ಗಳಲ್ಲಿ ಒಂದನ್ನು ನೆಲಕ್ಕಿಳಿಸಿ, ಆ ಮೇಜಿನ ಮೇಲೆ ಇದನ್ನು ಕೂರಿಸಿದರು. ಧೂಳು ಬೀಳದಿರಲಿ ಎಂದು ಹಳೆಯ ಬೆಡ್‌ಶೀಟಿನಲ್ಲಿ ಒಂದು ಗವಸು ಹೊಲಿದು ತಂದವಳು ನಾನು. ತೊಂಬತ್ತರ ದಶಕದ ಮೊದಮೊದಲ ವರ್ಷಗಳು ಅವು. ವಿಮಾನದಲ್ಲಿ ಹೋಗುವ ಸರಕಿಗೆ ಬೇಕಾದ ಕಾಗದಪತ್ರ ಸಿದ್ಧಮಾಡುವುದು ನಮ್ಮ ಕಚೇರಿಯ ಕೆಲಸ.

ಟೈಪ್ ಮಾಡುವವರು ನಾವಿಬ್ಬರೇ. ನಾನು ಮೈಸೂರಿನವಳು, ಬೊರಿವಲಿಯಿಂದ ಬರುತ್ತಿದ್ದೆ. ಇನ್ನೊಬ್ಬರು ಧಾರವಾಡದ ಕಡೆಯವರು, ನನಗಿಂತ ಹತ್ತು ವರ್ಷ ದೊಡ್ಡವರು, ಮನೆ ಮಲಾಡ್ ಸ್ಟೇಷನ್ನಿಗೆ ಅಂಟಿಕೊಂಡ ಹಾಗೆ. ನನಗೆ ಅವರು ಅಕ್ಕ, ಅವರಿಗೆ ನಾನು ‘ಮೈಸೂರು’. “ಏ ಮೈಸೂರು, ಕಾರ್ಬನ್ ಎಲ್ಲಿಟ್ಟಿ?” ಎಂದು ಆ ಗೋಡೆಯಿಂದ ಈ ಗೋಡೆಗೆ ಕೇಳುವಂತೆ ಕರೆಯುತ್ತಿದ್ದರು.

ಅಕ್ಕನ ಯಜಮಾನರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಊಟ ಯಾರಾದರೂ ಮಾಡಿಸಬೇಕು. ಅಕ್ಕ ಮಧ್ಯಾಹ್ನ ಒಂದಕ್ಕೆ ಎದ್ದು, ಸ್ಲೋ ಲೋಕಲ್ ರೈಲು ಹಿಡಿದು ಮಲಾಡ್‌ಗೆ ಹೋಗಿ, ಅವರಿಗೆ ಉಣಿಸಿ, ಮಾತ್ರೆ ಕೊಟ್ಟು, ಎರಡೂವರೆಯೊಳಗೆ ವಾಪಸು ಬಂದು ಕೂರುತ್ತಿದ್ದರು. ಆ ಹೊತ್ತನ್ನು ಸಂಜೆ ಕೂತು ತುಂಬಿಕೊಡುತ್ತಿದ್ದರು. ಸಾಹೇಬರು ಇದಕ್ಕೆ ಒಪ್ಪಿದ್ದರು. ಆದರೆ ಕಂಪ್ಯೂಟರ್ ಬಂದ ವಾರವೇ ಅವರು ಇನ್ನೊಂದು ಮಾತನ್ನೂ ಹೇಳಿದರು. ಇನ್ನು ಈ ಕಚೇರಿಯಲ್ಲಿ ಟೈಪ್‌ರೈಟರ್ ಇರುವುದಿಲ್ಲ. ತಿಂಗಳ ಕೊನೆಗೆ ತಾವೇ ಪರೀಕ್ಷೆ ಮಾಡುತ್ತಾರೆ. ಒಂದು ಸರಕಿನ ಕಾಗದವನ್ನು ಯಾರ ಸಹಾಯವೂ ಇಲ್ಲದೆ ಮಾಡಿ ಕೊಟ್ಟವರಿಗೆ ಪಾರ್ಲೆಯಲ್ಲಿ ಜಾಗ. ಆಗದವರು ಬಂದರಿನ ಬಳಿಯ ಕಚೇರಿಗೆ ಹೋಗಬೇಕು, ಅಲ್ಲಿ ಇನ್ನೂ ಟೈಪ್‌ರೈಟರ್ ಇದೆ. ಬಂದರಿನಿಂದ ಮಲಾಡ್‌ಗೆ ಹೋಗಿಬರುವುದರಲ್ಲೇ ಅರ್ಧ ದಿನ ಕಳೆಯುತ್ತದೆ. ಅಂದು ಊಟದ ಡಬ್ಬಿ ತೊಳೆಯುವಾಗ ಅಕ್ಕ, “ಅವರಿಗೆ ಎಡಗೈಲೆ ಉಣ್ಣೂದು ಕಲಸಬೇಕಾತೇನೊ” ಎಂದರು.

ನಾನು ಒಂದು ತಿಂಗಳ ಸಂಜೆ ತರಗತಿಗೆ ಹೋಗಿ ಬಂದಿದ್ದೆ. ಹಾಗಾಗಿ ಅಕ್ಕನಿಗೆ ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಕಾಗದಕ್ಕೆ ಬೇಕಾದದ್ದು ಮೂರೇ: ಪತ್ರ ಬರೆಯುವ ಜಾಗ, ಗಿರಾಕಿ ಪಾರ್ಟಿಗಳ ವಿಳಾಸ ತುಂಬಿದ ಕಾರ್ಡುಗಳು, ತೂಕ ಕೂಡಲು ಕ್ಯಾಲ್ಕುಲೇಟರ್. ಸಾಹೇಬರ ಆಸೆಗೆ ಒಂದು ಗಡಿಯಾರ. ಇವನ್ನು ತೆರೆದು, ಮೂಲೆಯ ಬಾಣ ಒತ್ತಿ ಚಿಕ್ಕದು ಮಾಡಿದರೆ ಒಂದೊಂದೂ ಒಂದು ಪುಟ್ಟ ಚಿತ್ರವಾಗಿ ಪರದೆಯ ತಳಕ್ಕೆ ಹೋಗಿ ಕೂರುತ್ತಿತ್ತು. ಬೇಕಾದಾಗ ಚಿತ್ರದ ಮೇಲೆ ಎರಡು ಸಲ ಬೇಗಬೇಗ ಒತ್ತಿದರೆ ಮತ್ತೆ ದೊಡ್ಡದಾಗುತ್ತಿತ್ತು. ಗಡಿಯಾರವಂತೂ ಚಿಕ್ಕದಾದ ಮೇಲೂ ಮುಳ್ಳು ತಿರುಗಿಸುತ್ತಲೇ ಇರುತ್ತಿತ್ತು.

ಚಿತ್ರಗಳನ್ನು ಸಾಲಾಗಿ ಇಟ್ಟವಳು ನಾನು. ಎಡದಿಂದ ಮೊದಲು ಪತ್ರ, ಆಮೇಲೆ ಕಾರ್ಡು, ಆಮೇಲೆ ಕ್ಯಾಲ್ಕುಲೇಟರ್, ಕೊನೆಗೆ ಗಡಿಯಾರ. ಮೌಸ್ ಒತ್ತಿ ಹಿಡಿದು ಎಳೆದರೆ ಎಲ್ಲಿಗೆ ಬೇಕಾದರೂ ಬರುತ್ತಿದ್ದವು. ನಾನು ಅವುಗಳ ನಡುವಿನ ಅಂತರವನ್ನೂ ಕಣ್ಣಳತೆಯಲ್ಲಿ ಸಮ ಮಾಡುತ್ತಿದ್ದೆ.

“ಅಕ್ಕಿ ಡಬ್ಬಿ, ಬೇಳಿ ಡಬ್ಬಿ ಜೋಡಿಸಿದಂಗ ಜೋಡಸ್ತಿಯಲ್ಲ,” ಎಂದು ಅಕ್ಕ ನಕ್ಕರು. “ನಿಮ್ಮ ಮೈಸೂರ ಮಂದಿ ಕಸದ ಬುಟ್ಟಿಗೂ ಇಸ್ತ್ರಿ ಮಾಡ್ತೀರಿ.”

“ನೀವು ಮೊದಲು ಎರಡು ಸಲ ಒತ್ತೋದು ಕಲೀರಿ ಅಕ್ಕಾ, ಆಮೇಲೆ ನಗಿ.”

ಒತ್ತುವುದನ್ನು ನಾಲ್ಕು ದಿನದಲ್ಲಿ ಕಲಿತರು. ಆದರೆ ಅವರು ಚಿತ್ರಗಳನ್ನು ನೋಡುತ್ತಲೇ ಇರಲಿಲ್ಲ. ಕಣ್ಣು ಪಕ್ಕದ ಕಾಗದದ ಮೇಲೆ, ಮೌಸ್ ಹಿಡಿದ ಕೈ ಮಾತ್ರ ಪರದೆಯ ತಳದ ಎಡ ಮೂಲೆಗೆ ಹೋಗಿ, ಅಲ್ಲಿಂದ ಇಷ್ಟು ಬಲಕ್ಕೆ ಎಂದು ಅಳೆದು ಒತ್ತುತ್ತಿತ್ತು. ಕೆಳಗಿನ ಹೆಸರು ಓದಿ ಒತ್ತಿ ಎಂದರೆ ಅವರಿಗೆ ಸಿಟ್ಟು.

“ಟೈಪಿಂಗ್ ಕ್ಲಾಸಿನ್ಯಾಗ ನಮ್ಮ ಸರು ಕೈ ಮ್ಯಾಲೆ ಟಾವೆಲ್ ಹೊದಿಸಿ ಟೈಪ್ ಮಾಡಸ್ತಿದ್ರು. ಕೆಳಗ ನೋಡಿದ್ರ ಬೆರಳಿಗೆ ಅಡಿಪಟ್ಟಿ ಪೆಟ್ಟು. ಇಪ್ಪತ್ತೈದು ವರ್ಷ ಆತು, ಒಂದರ ಕೀ ತನ್ನ ಜಾಗಾ ಬಿಟ್ಟು ಹೋಗೇತೇನು?”

ನಾನೂ ಅದೇ ವಿದ್ಯೆ ಕಲಿತವಳು, ಎದುರಾಡಲಿಲ್ಲ. ಆದರೆ ಒಂದು ಸಂಗತಿಯನ್ನು ಅವರಿಗೆ ಹೇಳದೆ ಉಳಿಸಿಕೊಂಡೆ. ಈ ಸಾಲು ಕೀಲಿಮಣೆಯ ಹಾಗೆ ಇದ್ದಲ್ಲೇ ಇರುವಂಥದ್ದಲ್ಲ. ರಾತ್ರಿ ಕಂಪ್ಯೂಟರ್ ಆರಿಸಿದರೆ ಹೋಯಿತು. ಬೆಳಿಗ್ಗೆ ಯಾವುದನ್ನು ಮೊದಲು ತೆರೆದು ಚಿಕ್ಕದು ಮಾಡುತ್ತೇವೋ ಅದು ಎಡಕ್ಕೆ ಬಂದು ಕೂರುತ್ತದೆ. ಅಕ್ಕ ಒಂಬತ್ತೂವರೆಗೆ ಬರುತ್ತಿದ್ದರು. ನಾನು ಒಂಬತ್ತಕ್ಕೇ ಬಂದು, ಗವಸು ತೆಗೆದು ಮಡಿಸಿ, ನಾಲ್ಕನ್ನೂ ಕ್ರಮವಾಗಿ ತೆರೆದು ಸಾಲು ಮಾಡಿ ಇಡುತ್ತಿದ್ದೆ. ಮೊದಲೇ ಹೆದರಿದ ಜೀವ, ಇದೊಂದು ತಲೆನೋವು ಯಾಕೆ ಎಂದುಕೊಂಡೆ. ದಿನವೂ ಎಲ್ಲ ತಾನಾಗಿ ಜಾಗದಲ್ಲಿ ಇರುತ್ತದೆ ಎಂದೇ ಅಕ್ಕ ನಂಬಿದರು. ಮೂರನೆಯ ವಾರಕ್ಕೆ ಅವರ ವೇಗ ನನ್ನ ವೇಗವನ್ನು ದಾಟಿತು. ನನಗೆ ಹೆಮ್ಮೆಯೇ ಆಯಿತು.

ಪರೀಕ್ಷೆಯ ದಿನ ನನ್ನ ಲೋಕಲ್ ಮಲಾಡ್ ದಾಟಿ ನಿಂತುಬಿಟ್ಟಿತು. ಮೇಲಿನ ತಂತಿಯಲ್ಲಿ ಕರೆಂಟಿಲ್ಲ ಎಂದರು. ಫ್ಯಾನು ನಿಂತ ಲೇಡೀಸ್ ಡಬ್ಬಿಯಲ್ಲಿ ಒಬ್ಬರ ಬೆನ್ನಿಗೆ ಒಬ್ಬರು ಅಂಟಿ ನಿಂತು ಮುಕ್ಕಾಲು ಗಂಟೆ. ಸಾಲು ಮಾಡಬೇಕಿತ್ತಲ್ಲ ಎಂಬುದೊಂದೇ ನನ್ನ ತಲೆಯಲ್ಲಿ. ಪಾರ್ಲೆಯಲ್ಲಿ ಇಳಿದು ಓಡುತ್ತ ಕಚೇರಿ ಸೇರಿದಾಗ, ಅಂದು ಮುಂಚಿನ ಗಾಡಿಗೇ ಬಂದಿದ್ದ ಅಕ್ಕನ ಪರೀಕ್ಷೆ ಶುರುವಾಗಿತ್ತು. ಕಂಪ್ಯೂಟರನ್ನು ಸಾಹೇಬರೇ ಹಚ್ಚಿದ್ದರು. ಗಡಿಯಾರದ ಮೇಲೆ ಅವರಿಗೆ ಪ್ರೀತಿ, ಅದನ್ನು ಮೊದಲು ತೆರೆದಿದ್ದರು. ಆಮೇಲೆ ಕ್ಯಾಲ್ಕುಲೇಟರ್, ಆಮೇಲೆ ಕಾರ್ಡು, ಕೊನೆಗೆ ಪತ್ರ. ನನ್ನ ಸಾಲು ಪೂರ್ತಿ ತಲೆಕೆಳಗಾಗಿತ್ತು.

ಅಕ್ಕ ಪತ್ರ ಇರಬೇಕಾದಲ್ಲಿ ಒತ್ತಿದ್ದರು, ಪರದೆಯ ನಡುವೆ ದೊಡ್ಡ ಗಡಿಯಾರ ಬಂದು ನಿಂತಿತ್ತು. ಅದನ್ನು ಚಿಕ್ಕದು ಮಾಡಿ ಎರಡನೆಯದನ್ನು ಒತ್ತಿದರು. ಕಾರ್ಡಿನ ಬದಲು ಕ್ಯಾಲ್ಕುಲೇಟರ್ ಬಂತು. ಹಿಂದೆ ನಿಂತ ಸಾಹೇಬರು ಕೈಗಡಿಯಾರ ನೋಡಿ, “ಕ್ಯಾ ಬಾಯಿ, ಅಭೀ ತಕ್ ಶುರೂ ನಹೀ?” ಎಂದರು.

“ಸಾಹೇಬ್, ತಪ್ಪು ಅವರದ್ದಲ್ಲ,” ಎಂದು ನಾನು ಬಾಗಿಲಿನಿಂದಲೇ ಹಿಂದಿಯಲ್ಲಿ ಕೂಗಿದೆ. “ಸಾಲು ದಿನಾ ನಾನು ಮಾಡಿಡುತ್ತಿದ್ದೆ, ಇವತ್ತು ತಡವಾಯಿತು.”

ಅಕ್ಕ ತಿರುಗಿ ನೋಡಿದರು. ಸಾಹೇಬರೂ ನೋಡಿದರು. ಯಾರ ಸಹಾಯವೂ ಇಲ್ಲದೆ ಮಾಡಬೇಕಾದ ಪರೀಕ್ಷೆಯಲ್ಲಿ ನಾನು ಹೇಳಬಾರದ ಮಾತನ್ನೇ ಹೇಳಿದ್ದೆ ಎಂದು ಆಗ ಹೊಳೆಯಿತು.

“ದಿನಾ ನೀ ಇಡ್ತಿದ್ದೇನು?” ಅಕ್ಕ ಕನ್ನಡದಲ್ಲಿ ಕೇಳಿದರು.

“ಹೂಂ ಅಕ್ಕಾ.”

ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಹಾಕಿಕೊಂಡರು. “ಸಾಹೇಬ್, ದೋ ಮಿನಿಟ್,” ಎಂದು, ಉತ್ತರಕ್ಕೆ ಕಾಯದೆ ಪರದೆಯ ಕಡೆಗೆ ಬಗ್ಗಿದರು. ಅವರು ಆ ಚಿತ್ರಗಳ ಹೆಸರು ಓದಿದ್ದನ್ನು ನಾನು ಕಂಡದ್ದು ಅಂದೇ ಮೊದಲು. ತುಟಿ ಅಲ್ಲಾಡಿಸುತ್ತ ಒಂದೊಂದನ್ನೇ ಓದಿದರು. ನಾನು ಎಳೆಯುವುದನ್ನು ಎರಡು ಮೂರು ಸಲ ಕಂಡಿದ್ದರು, ಅಷ್ಟೇ. ಮೌಸ್ ಒತ್ತಿ ಹಿಡಿದು ಎಳೆದರು. ಕಾರ್ಡು ಕ್ಯಾಲ್ಕುಲೇಟರಿನ ಮೇಲೆ ಹೋಗಿ ಕುಳಿತಿತು. “ಥೂ ನಿನ,” ಎಂದು ಬೈದು ಮತ್ತೆ ಎಳೆದರು. ಎಡಕ್ಕೆ ಕಾರ್ಡು, ಪಕ್ಕಕ್ಕೆ ಕ್ಯಾಲ್ಕುಲೇಟರ್, ಆಮೇಲೆ ಪತ್ರ. ಗಡಿಯಾರವನ್ನು ಬಲಗಡೆಯ ತುದಿಗೆ ತಳ್ಳಿದರು. ನಾನು ಇಟ್ಟ ಕ್ರಮ ಅದಾಗಿರಲಿಲ್ಲ. ಯಾರಿಗೆ ಹೋಗಬೇಕು, ಎಷ್ಟು ತೂಕ, ಆಮೇಲೆ ಬರವಣಿಗೆ: ಇಪ್ಪತ್ತೈದು ವರ್ಷ ಅವರು ಕೆಲಸ ಮಾಡಿದ ಕ್ರಮ ಅದು.

ಆಮೇಲೆ ಅವರು ಕೆಳಗೆ ನೋಡಲಿಲ್ಲ. ಕೀಲಿಮಣೆ ಟೈಪ್‌ರೈಟರಿನಂತೆಯೇ ಸದ್ದು ಮಾಡಿತು. ಪ್ರಿಂಟರಿನಿಂದ ಹೊರಬಂದ ಕಾಗದವನ್ನು ಸಾಹೇಬರು ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ಓದಿದರು. ಕೊಟ್ಟ ಸಮಯ ಆರು ನಿಮಿಷ ಮೀರಿತ್ತು. ಕಾಗದದಲ್ಲಿ ಒಂದೂ ತಪ್ಪಿರಲಿಲ್ಲ. ಗಡಿಯಾರ ಯಾಕೆ ಅಷ್ಟು ದೂರ ಇಟ್ಟಿದ್ದೀರಿ ಎಂದು ಅವರು ಕೇಳಿದರು. ಟೈಮ್ ನೋಡುವುದಕ್ಕೆ ನೀವಿದ್ದೀರಲ್ಲ ಸಾಹೇಬ್ ಎಂದರು ಅಕ್ಕ. ಸಾಹೇಬರು ನಗಲಿಲ್ಲ, ಕಾಗದಕ್ಕೆ ಸಹಿ ಹಾಕಿ ಫೈಲಿಗೆ ಸೇರಿಸಿ, “ಠೀಕ್ ಹೈ, ಇಧರ್ ಹೀ ಬೈಠೋ,” ಎಂದು ಒಳಗೆ ಹೋದರು. ಅಕ್ಕನ ಜಾಗ ಪಾರ್ಲೆಯಲ್ಲೇ ಉಳಿಯಿತು.

ನಾನು ಅಳುವುದೊಂದು ಬಾಕಿ. ಒಂದಕ್ಕೆ ಮಲಾಡ್‌ಗೆ ಹೊರಡುವ ಮುಂಚೆ ಅಕ್ಕ ನನ್ನನ್ನು ಬಚ್ಚಲಿನ ಹತ್ತಿರ ಹಿಡಿದು ನಿಲ್ಲಿಸಿದರು.

“ನೀ ನನಗ ಕಲಸಲಿಲ್ಲವ್ವಾ. ಬಡಿಸಿದಿ. ನೀ ಇಲ್ಲದ ದಿನ ನಾ ಉಪವಾಸ ಬೀಳಬೇಕಾಗಿತ್ತು, ನನ್ನ ಕೂಡ ಅವರೂ.”

“ನಿಮಗೆ ಕಷ್ಟ ಆಗಬಾರದು ಅಂತ ಅಕ್ಕಾ...”

“ಗೊತ್ತೈತಿ. ಅದಕ್ಕ ಹೊಡೀಲಿಲ್ಲ, ಬರೇ ಬೈಲಿಕ್ಹತ್ತೇನಿ. ಲೋಕಲ್‌ಗೆ ಹೊತ್ತಾತು, ದಾರಿ ಬಿಡು.”

ಅಂದೇ ಮಧ್ಯಾಹ್ನ ನನ್ನ ಪರೀಕ್ಷೆಯೂ ಮುಗಿದು ನನಗೂ ಜಾಗ ಉಳಿಯಿತು. ಕಂಪ್ಯೂಟರ್ ಒಂದೇ, ಅಕ್ಕ ಮಲಾಡ್‌ಗೆ ಹೋಗಿರುವ ಹೊತ್ತಿನಲ್ಲಿ ಅದರ ಮುಂದೆ ನಾನು ಕೂರಬೇಕಿತ್ತು. ಮರುದಿನ ಅವರೇ ಬಂದು ಗವಸು ತೆಗೆದು, ಚಿತ್ರಗಳನ್ನು ತಮ್ಮ ಕ್ರಮದಲ್ಲಿ ಜೋಡಿಸಿಕೊಂಡರು. ಒಂದಕ್ಕೆ ಅವರು ಚಪ್ಪಲಿ ಮೆಟ್ಟುತ್ತಿದ್ದಾಗ, ನನ್ನ ಒಂದೂವರೆ ಗಂಟೆಗೆ ಸಾಲನ್ನು ನನ್ನ ಹಾಗೆ ಬದಲಾಯಿಸಿಕೊಂಡು, ಅವರು ಬರುವುದರೊಳಗೆ ಮೊದಲಿನಂತೆ ಇಡಲೇ ಎಂದು ಕೇಳಿದೆ.

“ಮುಟ್ಟಬ್ಯಾಡ,” ಎಂದರು ಅಕ್ಕ ಬಾಗಿಲಿನಿಂದ. “ನಿನ್ನ ಕಣ್ಣು ಇನ್ನೂ ಚಲೋ ಅದಾವು. ಹೆಸರು ಓದಿ ಒತ್ತು.”