ಸೊಪ್ಪಣ್ಣ ಬಾಟಲಿ ತರಲಿಲ್ಲ

“ಸ್ವಂತ ಅಕ್ಕನ ಮಗಳಿಗೆ ಒಂದು ಬಾಟಲಿ ತರೋಕಾಗದ ನೀನೆಂಥಾ ಮಾವನಯ್ಯ? ದಂಡಪಿಂಡ!”

ಬೆಳಕು ಆಗಷ್ಟೇ ಹರಿಯುತ್ತಿದೆ. ರಕ್ತದ ಕ್ಯಾನ್ಸರ್ ವಾರ್ಡಿನ ಹೊರಗೆ, ಫ್ಲಾಸ್ಕ್ ಹಿಡಿದು ಕೂತ ಹತ್ತಾರು ಜನರ ಮುಂದೆ, ಭಾವ ತಮ್ಮ ಬಾಮೈದುನನ ನೀರಿಳಿಸುತ್ತಿದ್ದಾರೆ.

“ಅದಿನ್ನೂ ಔಷಧಿ ಆಗಿಲ್ಲ ಭಾವ.”

“ಮತ್ತೇನು, ದನಕ್ಕೆ ಹಾಕೋ ಮೇವಾ?”

ಯಾರೋ ಕಿಸಕ್ಕನೆ ನಗುತ್ತಾರೆ.

ಬಯ್ಯಿಸಿಕೊಂಡ ಈ ಮನುಷ್ಯ, ಗಿಡಗಳಿಂದ ರಕ್ತದ ಕ್ಯಾನ್ಸರಿಗೆ ಮದ್ದು ಹುಡುಕುವ ಪ್ರಯೋಗಾಲಯದಲ್ಲಿ ಎಲೆ ಒಣಗಿಸುವವರು. ಅಲ್ಲಿ ಎಲ್ಲರ ಬಾಯಲ್ಲೂ ಇವರು ‘ಸೊಪ್ಪಣ್ಣ’. ಪೇಪರಿನಲ್ಲಿ ಸುದ್ದಿ ಬಂದಾಗ ಬಿಳಿ ಕೋಟಿನವರ ಫೋಟೊ ಇರುತ್ತದೆ. ರಿಬ್ಬನ್ ಕತ್ತರಿಸಿ ಹೋದವರದ್ದಂತೂ ದೊಡ್ಡದಾಗೇ ಇರುತ್ತದೆ. ಎಲೆ ಒಣಗಿಸಿದವರದ್ದು? ಹುಡುಕಿ ನೋಡಿ, ಸಿಕ್ಕರೆ ನನಗೂ ತೋರಿಸಿ.

ಆಸ್ಪತ್ರೆಯಿಂದ ನೇರ ಕೆಲಸಕ್ಕೆ. ಬಿಸಿಲು ತಾಗದ ಕೋಣೆಯಲ್ಲಿ ಬಲೆಯ ತಟ್ಟೆಗಳ ಮೇಲೆ ಎಲೆ ಹರಡಿದೆ. ಸೊಪ್ಪಣ್ಣ ಮೆಲ್ಲಗೆ ಮಗುಚುತ್ತಾರೆ. ಒಂದು ಮೂಲೆಗೆ ಬೂಷ್ಟು ಹಿಡಿದರೂ ಇಡೀ ತಟ್ಟೆ ತಿಪ್ಪೆಗೆ. ಒಣಗಿದ್ದನ್ನು ಪುಡಿ ಮಾಡಿ, ಸ್ಪಿರಿಟ್‌ನಲ್ಲಿ ನೆನೆಹಾಕಿ, ಸೋಸಿ, ಆವಿ ಮಾಡಿದರೆ ತಳದಲ್ಲಿ ಉಳಿಯುವುದು ಕಪ್ಪು ಹಸಿರಿನ ಅಂಟು. ಗೋಣಿ ತುಂಬ ಸೊಪ್ಪಿಗೆ ಬೆರಳುದ್ದದ ಒಂದು ಬಾಟಲಿ. ಭಾವನ ಕಣ್ಣು ಅದರ ಮೇಲೆ.

ಇವರೇನು ಕಲ್ಲಲ್ಲ. ಮಗು ಆಸ್ಪತ್ರೆ ಸೇರಿದ ವಾರವೇ ಪ್ರಯೋಗಾಲಯದ ಮುಖ್ಯಸ್ಥೆಯ ಮುಂದೆ, ಒಂದು ಬಾಟಲಿ ಕೊಡಿ ಎಂದು ಕೈಮುಗಿದು ನಿಂತಿದ್ದರು. ಮುಂದಿನದನ್ನು ಅವರೇ ಹೇಳುತ್ತಾರೆ: “ಮೇಡಂ ಬಯ್ಯಲಿಲ್ಲ. ಅಂಟು ಹಾಕಿದ ಕೋಶಗಳನ್ನ ಮೈಕ್ರೋಸ್ಕೋಪಲ್ಲಿ ನೋಡಿ ಅಂದ್ರು. ಕೆಟ್ಟ ಕೋಶಗಳೆಲ್ಲಾ ಸತ್ತಿದ್ವು. ಕುಣಿಯೋದೊಂದು ಬಾಕಿ ನಾನು! ಪಕ್ಕದ್ದೂ ನೋಡಿ ಅಂದ್ರು. ಅವು ಆರೋಗ್ಯವಾಗಿರೋರ ರಕ್ತದ ಕೋಶಗಳು. ಅವೂ ಸತ್ತಿದ್ವು. ನನ್ನ ಕೈಯಾರೆ ಮಾಡಿದ ಅಂಟು ಕಣ್ರೀ. ಮಗು ಬಾಯಿಗೆ ಹೇಗೆ ಬಿಡ್ಲಿ?”

ಬೀದಿಯಲ್ಲಿ ‘ಗ್ಯಾರಂಟಿ’ ಅಂತ ಬೋರ್ಡು ಹಾಕಿಕೊಂಡು ಸೊಪ್ಪಿನ ರಸ ಮಾರುವ ಖದೀಮರನ್ನು ಈ ಪ್ರಶ್ನೆ ಒಮ್ಮೆಯಾದರೂ ಕಾಡಿದೆಯೇ?

ಈಗ ಪ್ರಯೋಗಾಲಯದವರು ಆ ಅಂಟನ್ನು ಪಾಲು ಪಾಲಾಗಿ ಬಿಡಿಸಿ ನೋಡುತ್ತಿದ್ದಾರೆ. ಮೊನ್ನೆ ಬೇರ್ಪಡಿಸಿದ ಒಂದು ಪಾಲು ಕೆಟ್ಟ ಕೋಶಗಳನ್ನು ಕೊಂದು, ಒಳ್ಳೆಯವನ್ನು ಹೆಚ್ಚುಕಡಿಮೆ ಅವುಗಳ ಪಾಡಿಗೆ ಬಿಟ್ಟಿದೆ. ಇನ್ನು ಇಲಿಗಳ ಮೇಲೆ, ಆಮೇಲೆ ಮನುಷ್ಯರ ಮೇಲೆ ಪರೀಕ್ಷೆ. ವರ್ಷಗಳೇ ಬೇಕು. “ಯಾರದೋ ಮಗುಗೆ ಆಗುತ್ತೆ ಬಿಡಿ,” ಎನ್ನುತ್ತಾ ಸೊಪ್ಪಣ್ಣ ಮುಂದಿನ ತಟ್ಟೆಗೆ ಕೈಹಾಕುತ್ತಾರೆ.

ಸಂಜೆ ವಾರ್ಡಿನಲ್ಲಿ ನಗು. ರಕ್ತದ ವರದಿ ಚೆನ್ನಾಗಿದೆ. “ಮಾವ, ನಿನ್ ಕೈ ಬರೀ ಹುಲ್ಲು ವಾಸನೆ. ಹಾಲು ಯಾವಾಗಿಂದ ಕೊಡ್ತೀಯ?” ಎಂದು ಕೂದಲುದುರಿದ ಹುಡುಗಿ ಕೆಣಕುತ್ತಾಳೆ. ಅಕ್ಕ ಕಣ್ಣೊರೆಸಿಕೊಂಡು ನಗುತ್ತಾರೆ. ಭಾವ ಮಾತ್ರ ಅಕ್ಕಪಕ್ಕದ ಹಾಸಿಗೆಗಳಿಗೂ ಕೇಳುವಂತೆ, “ನೋಡಿದ್ಯಾ? ನಿನ್ನ ಸೊಪ್ಪುಸದೆ ಏನೂ ಇಲ್ಲದೇನೇ ನನ್ನ ಮಗಳು ಎದ್ದು ಕೂತಳು!”

ಆ ಮಗುವಿನ ರಕ್ತಕ್ಕೆ ಇಳಿಯುತ್ತಿರುವ ಔಷಧಿಗಳಲ್ಲಿ ಒಂದು, ಅಂಗಳದಲ್ಲಿ ಬೆಳೆಯುವ ನಿತ್ಯಪುಷ್ಪದ ಎಲೆಯಿಂದ ಬಂದದ್ದು. ಯಾವುದೋ ಕಾಲದಲ್ಲಿ, ಎಲ್ಲೋ ಒಂದು ಕೋಣೆಯಲ್ಲಿ, ಹೆಸರಿಲ್ಲದ ಯಾರೋ ಆ ಎಲೆಗಳನ್ನೂ ಒಣಗಿಸಿರಬೇಕು. ಸೊಪ್ಪಣ್ಣನಿಗೆ ಇದು ಗೊತ್ತು. ಹುಡುಗಿಯ ಹೊದಿಕೆ ಸರಿಮಾಡಿ, ಭಾವನ ಕಡೆ ನೋಡಿ ಒಮ್ಮೆ ಮುಗುಳ್ನಕ್ಕು, ಬಾಗಿಲತ್ತ ನಡೆಯುತ್ತಾರೆ.