ತುಕ್ಕು ಹಿಡಿದ ಮೆಷಿನ್ನು

ತಾವೋಕಾ ದೊಡ್ಡಮ್ಮ ಅಬೆಮಾಮಾ ದ್ವೀಪದಿಂದ ಹಡಗು ಹತ್ತಿದ್ದಾಳೆ ಎಂಬ ಸುದ್ದಿ ಬಂದಾಗ ತೇಯ್ಮಾ ಮಾಡಿದ ಮೊದಲ ಕೆಲಸವೆಂದರೆ ಮನೆಯ ಸುತ್ತ ಒಮ್ಮೆ ಕಣ್ಣಾಡಿಸಿದ್ದು. ನೆಂಟರು ಬರುತ್ತಾರೆಂದರೆ ಈ ತರಾವಾ ದ್ವೀಪದ ಹೆಂಗಸರೆಲ್ಲ ಮಾಡುವುದು ಇದನ್ನೇ. ಚಾಪೆ ಕೊಡವುವುದು, ಅಕ್ಕಿ ಇದೆಯೋ ಇಲ್ಲವೋ ನೋಡುವುದು, ಅವೆಲ್ಲ ಆಮೇಲಿನ ಮಾತು. ಬಂದವರ ಕಣ್ಣು ಯಾವುದರ ಮೇಲೆ ಬಿದ್ದೀತು, ಅವರ ಬಾಯಿಂದ ‘ಬುಬುಸಿ’ ಎಂಬ ಮಾತು ಯಾವುದರ ಮೇಲೆ ಹೊರಟೀತು, ಅದು ಮೊದಲು. ನೆಂಟರು ಆ ಒಂದು ಮಾತು ಆಡಿ ಕೇಳಿದರೆಂದರೆ ಮುಗಿಯಿತು, ನಗುನಗುತ್ತಾ ಎತ್ತಿ ಕೊಡಬೇಕು. ಇಲ್ಲವೆಂದವರಿಗೆ ಊರಿನ ಮನೇಬಾ ಚಾವಡಿಯಲ್ಲಿ ನಾಲ್ಕು ಜನರ ಎದುರು ಕೂರಲು ಮುಖವಿರುವುದಿಲ್ಲ. ತೇಯ್ಮಾಳ ಸೈಕಲ್ಲು ಹೀಗೇ ಮೈದುನನ ಜೊತೆ ಹೋಯಿತು, ದೊಡ್ಡ ಪಾತ್ರೆ ನಾದಿನಿಯ ಹಿಂದೆ ಹೋಯಿತು. ಹಾಗೆಂದು ಅವಳನ್ನು ನೋಡಿ ಅಯ್ಯೋ ಎನ್ನಬೇಕಾಗಿಲ್ಲ. ಅವಳ ಮನೆಯ ಅರ್ಧ ಸಾಮಾನು ಬಂದದ್ದೂ ಹಾಗೆಯೇ.

ಈಗ ಉಳಿದಿದ್ದ ಬೆಲೆಬಾಳುವ ವಸ್ತುವೆಂದರೆ ಹೊಲಿಗೆ ಮೆಷಿನ್ನು. ಕೈಯಿಂದ ತಿರುಗಿಸುವ, ಕಪ್ಪು ಬಣ್ಣ ಅಲ್ಲಲ್ಲಿ ಎದ್ದ ಹಳೆಯದು. ಅದರ ಗಾಲಿಯ ಒಂದು ಹಲ್ಲು ಮುಕ್ಕಾಗಿ, ಪ್ರತಿ ಸುತ್ತಿಗೂ ಟಕ್ ಎನ್ನುತ್ತಿತ್ತು. ಚರ್ಚಿನ ಹೆಂಗಸರು ತೊಡುವ, ಕತ್ತಿನ ಸುತ್ತ ಸಣ್ಣ ನೆರಿಗೆಯ ತಿಬುಟಾ ರವಿಕೆಗಳನ್ನು ತೇಯ್ಮಾ ಅದರಲ್ಲೇ ಹೊಲಿಯುತ್ತಿದ್ದಳು. ಗಂಡ ಇಯೋನೆಗೆ ಮೀನು ಸಿಗದ ದಿನ ಮನೆಯ ಒಲೆ ಉರಿಯುತ್ತಿದ್ದದ್ದು ಅದರಿಂದ.

ಆ ಮೆಷಿನ್ನು ತಾವೋಕಾ ದೊಡ್ಡಮ್ಮನದೇ. ಮದುವೆಯಾದ ಹೊಸತರಲ್ಲಿ ತೇಯ್ಮಾ ಅಬೆಮಾಮಾಗೆ ಹೋಗಿದ್ದಾಗ, ದೊಡ್ಡಮ್ಮ ಅದರ ಮುಂದೆ ಕೂತು ಹೊಲಿಯುತ್ತಿರುವಾಗಲೇ ಬುಬುಸಿ ಕೇಳಿಬಿಟ್ಟಿದ್ದಳು. ದೊಡ್ಡಮ್ಮನ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ಅರ್ಧ ಹೊಲಿದ ಬಟ್ಟೆಯ ದಾರವನ್ನು ಹಲ್ಲಿನಿಂದ ಕಡಿದು, “ತಗೊಂಡ್ಹೋಗು ಮಗಳೆ” ಅಂದಳು. ಆಮೇಲೆ ಇಷ್ಟು ವರ್ಷ ಅವಳು ಕೈಯಲ್ಲೇ ಹೊಲಿದುಕೊಂಡಳು. ಈಗ ಬರುತ್ತಿದ್ದಾಳೆ. ವಾಪಸು ಕೇಳುವುದಕ್ಕಲ್ಲದೆ ಮತ್ತೇಕೆ, ಎಂದು ತೇಯ್ಮಾಳ ಲೆಕ್ಕ.

ಅವಳು ಮೆಷಿನ್ನನ್ನು ಚಾಪೆಯಲ್ಲಿ ಸುತ್ತಿ, ಹಿತ್ತಲ ದಾರಿಯಲ್ಲಿ ಅಕಿನೇತಿಯ ಮನೆಗೆ ಹೊತ್ತು ಹೊರಟಳು. ಅಕಿನೇತಿ ಇಯೋನೆಯ ಚಿಕ್ಕಪ್ಪನ ಮಗಳು, ಪಕ್ಕದ ಮನೆಯವಳು.

ಬಲೆ ಹೆಣೆಯುತ್ತಿದ್ದ ಇಯೋನೆ ತಲೆ ಎತ್ತದೆ ಕೇಳಿದ. “ಏನೇ ಅದು, ಹೆಣ ಹೊತ್ಕೊಂಡ್ ಹೋಗೋ ಹಂಗೆ ಹೋಗ್ತಿದೀಯ?”

“ನೀವು ಸುಮ್ನಿರಿ. ನೀವು ಮೀನು ತಂದಿದ್ರೆ ನಂಗ್ಯಾಕೆ ಈ ಕರ್ಮ?”

“ಕೊಟ್ಟೋಳಿಂದ್ಲೇ ಬಚ್ಚಿಡ್ತೀಯಲ್ಲ, ಭಲೇ ಹೆಂಗಸು ಕಣೆ ನೀನು.”

ಆ ಮಾತು ಚುಚ್ಚಿತು. ಆದರೂ ಕಾಲು ನಿಲ್ಲಲಿಲ್ಲ.

ದೊಡ್ಡಮ್ಮ ಬಂದಳು. ತುಂಬ ಸಣ್ಣಗಾಗಿದ್ದಳು, ಕಣ್ಣಿಗೆ ಪೊರೆ ಬಂದಿತ್ತು. ಬರಿಗೈಲಿ ಬಂದಿರಲಿಲ್ಲ. ತನ್ನ ಕೆಸರುಗುಂಡಿಯಲ್ಲೇ ಬೆಳೆದ ಬಬಾಯಿ ಗೆಡ್ಡೆ, ಸೀಸೆಯ ತುಂಬ ತೆಂಗಿನ ನೀರಾ ಕಾಯಿಸಿದ ಪಾಕ, ಒಣಮೀನು. ಊಟಕ್ಕೆ ಕೂತಾಗ ತಟ್ಟೆಯನ್ನು ಕೈಯಿಂದ ತಡವಿ ನೋಡಿ ನಗಾಡಿದಳು. “ಹಿರಿಯರ ಪಾಲು ಅಂತ ಮೀನಿನ ತಲೆ ನಂಗೇ ಹಾಕಿದೀಯ. ಬದುಕಿದ್ದೀನಿ ಅಂತ ಮರೀಲಿಲ್ವಲ್ಲ, ಅಷ್ಟು ಸಾಕು.”

ಊಟ ಮುಗಿದ ಮೇಲೆ ಬಾಯಿ ಒರೆಸಿಕೊಂಡು ಕೇಳಿದಳು. “ಮೆಷಿನ್ ಎಲ್ಲಿಟ್ಟಿದೀಯೇ? ಕಾಣ್ತಿಲ್ಲ.”

ತೇಯ್ಮಾಳ ಉತ್ತರ ಮೊದಲೇ ಕಲಿತಿಟ್ಟದ್ದು, ತಡವರಿಸದೆ ಬಂತು. “ತುಕ್ಕು ಹಿಡಿದು ಹಾಳಾಗೋಯ್ತು ದೊಡ್ಡಮ್ಮ. ಈ ಉಪ್ಪು ಗಾಳಿಗೆ ಯಾವ ಕಬ್ಬಿಣ ಉಳಿಯುತ್ತೆ ಹೇಳಿ? ಹೋದ ವರ್ಷವೇ ಎಸೆದೆ.”

ಇಯೋನೆ ಕೆಮ್ಮಿ ಎದ್ದು ಕಡಲ ಕಡೆ ಹೊರಟುಹೋದ.

“ಅಯ್ಯೋ” ಅಂದಳು ದೊಡ್ಡಮ್ಮ. ನಿಜವಾಗಿ ಮರುಗಿದ ದನಿ ಅದು. ಮಡಿಲಲ್ಲಿದ್ದ ಗಂಟನ್ನು ಬಿಚ್ಚಿದಳು. ಒಳಗೆ ಎಳೆನೀಲಿ ಬಟ್ಟೆ, ಎಣ್ಣೆಬಟ್ಟೆಯಲ್ಲಿ ಸುತ್ತಿದ ಸೂಜಿಗಳು, ಮೆಷಿನ್ನಿಗೆ ಬಿಡುವ ಎಣ್ಣೆಯ ಪುಟ್ಟ ಸೀಸೆ. “ಅವತ್ತು ನಿಂಗೆ ಈ ಸೂಜಿ, ಎಣ್ಣೆ ಕೊಡೋದು ಮರ್ತೇ ಹೋಗಿತ್ತು ಕಣೆ. ಸೂಜಿ ಇಲ್ದೆ ಮಗು ಏನು ಮಾಡ್ತೋ ಅಂತ ಆಗಾಗ ಅನ್ಕೋತಿದ್ದೆ. ಈಗ ನಂಗೆ ದಾರ ಪೋಣಿಸಕ್ಕೂ ಕಣ್ಣಿಲ್ಲ. ನಿನ್ ಕೈಯಿಂದ ಒಂದು ತಿಬುಟಾ ಹೊಲಿಸ್ಕೊಂಡು ಹೋಗೋಣ ಅಂತ ಬಂದೆ. ಮಣ್ಣಿಗೆ ಹೋಗುವಾಗ ಹಾಕ್ಕೊಳ್ಳೋಕೆ. ಹೆದರ್ಬೇಡ, ನಾಳೆನೇ ಸಾಯಲ್ಲ. ಬಟ್ಟೆ ರೆಡಿ ಇದ್ರೆ ಮನಸ್ಸು ಹಗುರ, ಅಷ್ಟೆ.”

ತೇಯ್ಮಾ ತಲೆ ತಗ್ಗಿಸಿದಳು. ಇಷ್ಟಕ್ಕೇ ಬಂದದ್ದೇ ಈ ಮುದುಕಿ? “ಕೈಯಲ್ಲೇ ಹೊಲಿದುಕೊಡ್ತೀನಿ” ಎಂದಳು.

“ಬೇಡ ಬಿಡು, ಕೈಹೊಲಿಗೆಗೆ ನೆರಿಗೆ ನಿಲ್ಲಲ್ಲ” ಎಂದು ದೊಡ್ಡಮ್ಮ ಗಂಟು ಕಟ್ಟಿದಳು.

ಇನ್ನು ಮರ್ಯಾದೆ ಉಳಿಯಬೇಕಾದರೆ ಒಂದೇ ದಾರಿ. ಮೆಷಿನ್ನು ತರುವುದು, ಎಸೆದದ್ದನ್ನು ಯಾರೋ ಎತ್ತಿಕೊಂಡು ಹೋಗಿ ರಿಪೇರಿ ಮಾಡಿಸಿದ್ದರಂತೆ ಎಂದು ಇನ್ನೊಂದು ಸುಳ್ಳು ಹೇಳುವುದು. ದೊಡ್ಡಮ್ಮ ಒರಗಿದ್ದೇ ತಡ, ತೇಯ್ಮಾ ಪಕ್ಕದ ಮನೆಗೆ ಓಡಿದಳು. ಅಲ್ಲಿ ಅಕಿನೇತಿ ಮೆಷಿನ್ನಿನ ಮುಂದೆ ಕಾಲು ಚಾಚಿ ಕೂತು, ತನ್ನ ಹಳೆಯ ಪರದೆಗೆ ಅಂಚು ಹೊಲಿಯುತ್ತಿದ್ದಳು.

“ಬಾ ಅತ್ತಿಗೆ. ನೂರು ವರ್ಷ ನಿಂಗೆ. ನಾನೇ ಬರೋಣ ಅಂತಿದ್ದೆ” ಎಂದಳು, ಬಾಯಿತುಂಬ ನಗುತ್ತಾ. “ಈ ಮೆಷಿನ್ ಮೇಲೆ ನಂಗೆ ಆಸೆ ಆಗ್ಬಿಟ್ಟಿದೆ. ಬುಬುಸಿ ಕೇಳ್ತಿದೀನಿ.”

ಇಲ್ಲವೆಂದರೆ ಗಂಡನ ಕಡೆಯವರ ಮುಂದೆ ಮಾನ ಹೋಗುತ್ತದೆ. ಬಚ್ಚಿಡಲು ತಂದದ್ದೆಂಬ ಕತೆಯೂ ಸಂಜೆಯೊಳಗೆ ಚಾವಡಿ ಮುಟ್ಟುತ್ತದೆ. “ತಗೋ” ಎಂದಳು ತೇಯ್ಮಾ. ನಗುವುದಕ್ಕೂ ಪ್ರಯತ್ನಪಟ್ಟಳು. ಅದು ಅವಳಿಂದಾಗಲಿಲ್ಲ.

ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತಿದ್ದಾಗ ಪಕ್ಕದ ಮನೆಯಿಂದ ಸದ್ದು ಬಂತು. ಗರಗರ ಎಂದು ಓಡಿ, ಟಕ್. ಮತ್ತೆ ಗರಗರ, ಟಕ್.

ದೊಡ್ಡಮ್ಮ ಲೋಟ ಕೆಳಗಿಟ್ಟಳು. ಕಣ್ಣು ಮಂಜಾಗಿತ್ತೇ ಹೊರತು ಕಿವಿಯಲ್ಲ. ಗಾಲಿಯ ಆ ಹಲ್ಲು ಮುಕ್ಕಾದದ್ದು ಅವಳ ಕೈಯಲ್ಲೇ. ತುಂಬ ಹೊತ್ತು ಆಲಿಸಿದಳು. ಒಮ್ಮೆಯೂ ತೇಯ್ಮಾಳ ಕಡೆ ತಿರುಗಲಿಲ್ಲ. ಒಂದು ಸಲ ಬೈದಿದ್ದರೆ, ಕಪಾಳಕ್ಕೆ ಕೊಟ್ಟಿದ್ದರೂ ಸರಿಯೇ, ತೇಯ್ಮಾ ಬದುಕಿಕೊಳ್ಳುತ್ತಿದ್ದಳು.

“ಯಾರೋ ಹೊಲೀತಿದಾರೆ. ನಡಿ, ಕೈ ಹಿಡ್ಕೊ” ಎಂದು ಗಂಟು ಎತ್ತಿಕೊಂಡಳು.

ಅಕಿನೇತಿಯ ಮನೆಯಲ್ಲಿ ದೊಡ್ಡಮ್ಮ ಚಾಪೆಯ ಮೇಲೆ ಕೂತು ಮೆಷಿನ್ನಿನ ಮೈಮೇಲೆ ಕೈಯಾಡಿಸಿದಳು. ಹಿಡಿ, ಗಾಲಿ, ಬಣ್ಣ ಎದ್ದ ಜಾಗ. ತೇಯ್ಮಾ ಬಾಗಿಲ ಕಂಬಕ್ಕೆ ಒರಗಿ ನಿಂತಿದ್ದಳು, ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎಂದುಕೊಳ್ಳುತ್ತಾ.

“ಒಳ್ಳೆ ಮೆಷಿನ್ನು. ನಮ್ಮ ತೇಯ್ಮಾ ಹತ್ರಾನೂ ಇಂಥದ್ದೇ ಒಂದಿತ್ತು” ಎಂದಳು ದೊಡ್ಡಮ್ಮ. “ಪಾಪ, ತುಕ್ಕು ಹಿಡಿದು ಹೋಯ್ತಂತೆ.”

ಅಕಿನೇತಿ ಬಾಯಿ ತೆರೆದಳು, ತೇಯ್ಮಾಳ ಮುಖ ನೋಡಿ ಮುಚ್ಚಿಕೊಂಡಳು.

“ಅವಳ ನಾದಿನಿ ಅಂದ್ರೆ ನೀನೂ ನಂಗೆ ಮಗಳೇ ಅಲ್ವೇನಮ್ಮ? ಅದಕ್ಕೇ ಕೇಳ್ತೀನಿ. ಈ ಮೆಷಿನ್ ನಂಗೆ ಬೇಕು. ಬುಬುಸಿ.”

ಒಂದು ರಾತ್ರಿ ಮಾತ್ರ ಒಡತಿಯಾಗಿದ್ದ ಅಕಿನೇತಿ ಇಂಗು ತಿಂದ ಮಂಗನ ಹಾಗಾದಳು. ಆದರೆ ಅವಳೂ ಈ ನೆಲದವಳೇ ತಾನೆ. “ತಗೊಳ್ಳಿ ದೊಡ್ಡಮ್ಮ” ಎಂದಳು, ನಗುತ್ತಲೇ.

ಹಿತ್ತಲ ದಾರಿಯಲ್ಲಿ ತೇಯ್ಮಾ ಮೆಷಿನ್ನು ಹೊತ್ತು ಮುಂದೆ, ದೊಡ್ಡಮ್ಮ ಅವಳ ಭುಜ ಹಿಡಿದು ಹಿಂದೆ. ಮನೆಯಲ್ಲಿ ಅದನ್ನು ಹಳೆಯ ಜಾಗದಲ್ಲೇ ಇಳಿಸಲು ಹೇಳಿ, ದೊಡ್ಡಮ್ಮ ಸೂಜಿಯ ಪೊಟ್ಟಣವನ್ನೂ ಎಣ್ಣೆ ಸೀಸೆಯನ್ನೂ ಪಕ್ಕದಲ್ಲಿಟ್ಟಳು. “ತಗೊ ಮಗಳೆ. ನಿಂದು ಹಾಳಾಗಿ ಹೋಯ್ತಲ್ಲ. ಇದಕ್ಕಾದ್ರೂ ಆಗಾಗ ಎಣ್ಣೆ ಬಿಡು.”

ತೇಯ್ಮಾಳಿಗೆ ಆಗ ತಡೆಯಲಾಗಲಿಲ್ಲ. ಕಾಲ ಬುಡದಲ್ಲಿ ಕುಸಿದು ಅತ್ತಳು. “ಬೇಡ ದೊಡ್ಡಮ್ಮ, ದಮ್ಮಯ್ಯ. ನೀವೇ ತಗೊಂಡ್ಹೋಗಿ. ನಿಮ್ದೇ ಅದು. ನಾನೇ ಹಡಗಿನವರೆಗೂ ಹೊತ್ಕೊಂಡ್ ಬರ್ತೀನಿ.”

ದೊಡ್ಡಮ್ಮ ನೀಲಿ ಬಟ್ಟೆಯನ್ನು ಬಿಡಿಸಿ, ತಡವಿ ತಡವಿ ಅಂಚು ಹುಡುಕಿ, ಅವಳ ಮಡಿಲಿಗೆ ಹಾಕಿದಳು.

“ನಾನು ನಿನ್ನ ಏನೂ ಕೇಳೇ ಇಲ್ವಲ್ಲೇ” ಎಂದಳು. “ದಾರ ಪೋಣಿಸು.”